ವರದಾ–ತುಂಗಭದ್ರೆಗಳ ನಡುನಾಡು

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ಪ್ರವಾಸಿಕನು ಬಂಕಾಪುರದ ಸೀಮೆಯನ್ನು ಕಳೆದು ವರದಾ ನದಿಯ ಸೇತುವೆಯನ್ನು ದಾಟಿದನೆಂದರೆ ಹಾವೇರಿಯು ಬರುತ್ತದೆ. ಹಾವೇರಿಯ ತರುವಾಯ ಮೋಟೆಬೆನ್ನೂರು, ಅದರ ಮುಂದೆ ರಾಣೇಬೆನ್ನೂರು. ಆಮೇಲೆ ಹರಿಹರದ ಸಮೀಪದಲ್ಲಿ ತುಂಗಭದ್ರೆಯನ್ನು ದಾಟಿದೊಡನೆ ಹಾವೇರಿ ಜಿಲ್ಹೆಯು ಹಿಂದೆ ಬೀಳುತ್ತದೆ. ಈಗಿನ ಹೆದ್ದಾರಿಯ ಮೇಲೆ, ಈಗಿನ ವಾಹನಗಳ ವೇಗಕ್ಕೆ, ಇದೆಲ್ಲವೂ ಒಂದು ತಾಸಿನ ಮಾತು. ಆ ಒಂದು ತಾಸಿನಲ್ಲಿ ಆತನ ಕಣ್ಣಿಗೆ ಬೀಳತಕ್ಕವು ಗೋವಿನಜೋಳದ ಹೊಲಗಳು, ಹತ್ತಿಯ ಗಿರಣಿಗಳು, ಬೀಜದ ಕಂಪನಿಗಳ ಫಲಕಗಳು, ದೂರದಲ್ಲಿ ಒಂದೆರಡು ಬೋಳುಗುಡ್ಡಗಳು. ಇಲ್ಲಿ ನೋಡತಕ್ಕದ್ದೇನೂ ಇಲ್ಲವೆಂದು ನಿಶ್ಚಯಿಸಿ ಆತನು ಕಣ್ಣುಮುಚ್ಚಿ ಒರಗಿದರೆ ಅದು ಆತನ ಅಪರಾಧವಲ್ಲ. ಆತನು ಹಿಡಿದ ದಾರಿಯ ಅಪರಾಧ.

ಯಾಕೆಂದರೆ ಈ ನಾಡಿನ ಪ್ರಾಚೀನ ವೈಭವವು ಬಂಡಿಯ ದಾರಿಯ ಮೇಲೆ ಬೆಳೆದುದಲ್ಲ, ಹೊಳೆಯ ದಂಡೆಯ ಮೇಲೆ ಬೆಳೆದುದು. ನಕಾಶೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುವದು. ಸಾಗರ ಸೀಮೆಯ ವರದಾಮೂಲದಲ್ಲಿ ಹುಟ್ಟಿದ ವರದೆಯು ಬನವಾಸಿಯನ್ನು ಬಳಸಿಕೊಂಡು ಈಶಾನ್ಯಾಭಿಮುಖವಾಗಿ ಹರಿದುಬರುತ್ತಾಳೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿ ಹರಿಹರಗಳನ್ನು ಕಳೆದು ಉತ್ತರಾಭಿಮುಖವಾಗಿ ಹರಿಯುತ್ತಾರೆ. ಈ ಎರಡೂ ಪ್ರವಾಹಗಳು ಗಳಗನಾಥದಲ್ಲಿ ಕೂಡುತ್ತವೆ. ಹೀಗೆ ಎರಡು ಹೊಳೆಗಳು ತೋಳುಚಾಚಿ ಅಪ್ಪಿದಂತಿರುವ ಭೂಮಿಯಲ್ಲಿಯೇ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರು ತಾಲೂಕುಗಳ ಬಹುಭಾಗವು ಅಡಗಿದೆ. ಗಂಗಾಯಮುನೆಗಳ ನಡುವಣ ದೇಶವನ್ನು ಸಂಸ್ಕೃತದಲ್ಲಿ ಅಂತರ್ವೇದಿಯೆಂದು ಕರೆದರು. ಆ ಹೆಸರು ಇದಕ್ಕೂ ಒಪ್ಪತಕ್ಕದ್ದೇ. ಈಗಿನ ಹೆದ್ದಾರಿಯೂ ರೇಲ್ವೆಯೂ ಈ ಅಂತರ್ವೇದಿಯ ನಟ್ಟನಡುವಿನ ಎತ್ತರದ ನೆಲವನ್ನು ಹಿಡಿದು ಹೋಗಿವೆ. ಗುಡಿಗಳೂ ಶಾಸನಗಳೂ ಹಳೆಯ ರಾಜಧಾನಿಗಳೂ ಎಡಬಲದ ಅಂಚುಗಳಲ್ಲಿ, ನೀರಿನ ಹತ್ತಿರ, ಉಳಿದುಬಿಟ್ಟಿವೆ.

ಹಿಂದಿನ ಕಾಲದಲ್ಲಿ ಮಳೆಗಾಲದ ನಾಲ್ಕಾರು ತಿಂಗಳು ಹೊಳೆಯು ದಾಟಗೊಡದ ವಸ್ತುವಾಗಿತ್ತು. ದಾಟುವ ಕಡವು ಎಲ್ಲಿಯೋ ಅಲ್ಲಿ ಜನವು ಸೇರಬೇಕು. ಜನವು ಸೇರಿದಲ್ಲಿ ಛತ್ರ, ಮಠ, ಗುಡಿ, ಸುಂಕದ ಕಟ್ಟೆ ಇವು ಹುಟ್ಟಬೇಕು. ಹರಿಗೋಲನ್ನು ನಡೆಯಿಸುವ ಅಂಬಿಗನು ಅಂದಿನ ಸಮಾಜದಲ್ಲಿ ಅಲ್ಪನೆನಿಸಿದ್ದರೂ ಆತನ ಕೈಯಿಲ್ಲದೆ ರಾಜನ ದಂಡೂ ದಾಟಲಾರದು, ವರ್ತಕನ ಹೇರೂ ದಾಟಲಾರದು. ಹನ್ನೆರಡನೆಯ ಶತಕದ ಶರಣರಲ್ಲಿ ಅತ್ಯಂತ ನಿರ್ದಾಕ್ಷಿಣ್ಯವಾದ ಮಾತುಗಾರನು ಇಂಥ ಒಬ್ಬ ಅಂಬಿಗನೇ ಆಗಿದ್ದುದು, ಮತ್ತು ಆತನ ಹೆಸರಿನ ಊರು ಈ ದಂಡೆಯ ಮೇಲೆಯೇ ಇರುವದು, ಆಕಸ್ಮಿಕವಲ್ಲ. ಅಂಬಿಗರ ಚೌಡಯ್ಯನು ತನಗೆ ದಾನವಾಗಿ ಬಂದ ಊರನ್ನು ಗುರುವಿಗೆ ಒಪ್ಪಿಸಿದನೆಂದೂ ಆದುದರಿಂದ ಆ ಊರಿಗೆ ಚೌಡಯ್ಯದಾನಪುರವೆಂದು ಹೆಸರಾಯಿತೆಂದೂ ಜನಶ್ರುತಿ. ಬಾಯಿಂದ ಬಾಯಿಗೆ ಸವೆದು ಅದು ಈಗ ಚೌಡದಾನಪುರವೆಂದು ಕೇಳಿಸುತ್ತದೆ.

ಈ ಊರು ರಾಣೇಬೆನ್ನೂರು ತಾಲೂಕಿಗೆ ಸೇರಿದ್ದು, ತುಂಗಭದ್ರೆಯ ಎಡದಂಡೆಯ ಮೇಲಿದೆ. ಇಲ್ಲಿಯ ಮುಕ್ತೇಶ್ವರ ದೇವಾಲಯವು ಗಾತ್ರದಲ್ಲಿ ದೊಡ್ಡದಲ್ಲ. ಒಂದೇ ಗರ್ಭಗೃಹದ ಗುಡಿ. ಆದರೆ ಅದರ ಅಳತೆಯ ಹೊಂದಿಕೆ, ಶಿಖರದ ಏರಿಕೆ, ಗೋಡೆಯ ಮೇಲಣ ಕೆತ್ತನೆಯ ಮಿತವಾದ ಸೊಬಗು, ಇವುಗಳನ್ನು ನೋಡಿದವರು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿತ್ತೆಂದು ಒಪ್ಪುವರು. ಅಲಂಕಾರವನ್ನು ಹೇರುವದು ಸುಲಭ, ನಿಲ್ಲಿಸುವದು ಕಷ್ಟ. ದೇವಾಲಯದ ಆವಾರದಲ್ಲಿ ಆಳೆತ್ತರವನ್ನು ಮೀರಿದ ಶಿಲಾಶಾಸನಗಳು ನಿಂತಿವೆ. ಹನ್ನೆರಡು ಹದಿಮೂರನೆಯ ಶತಕಗಳ ಈ ಶಾಸನಗಳು ಬರಿಯ ದಾನಪತ್ರಗಳಲ್ಲ. ಕಂದ ವೃತ್ತಗಳಿಂದ ತುಂಬಿದ ಕಾವ್ಯಗಳು. ಇವುಗಳಿಂದ ತಿಳಿದುಬರುವ ಸಂಗತಿಗಳಲ್ಲಿ ಮುಖ್ಯವಾದುದು ಶಿವದೇವನೆಂಬ ಯತಿಯ ಚರಿತ್ರೆ. ಈತನು ೧೨೨೫ನೆಯ ಇಸವಿಯಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿ ದೀರ್ಘಕಾಲ ಇಲ್ಲಿಯೇ ತಪಸ್ಸಿನಲ್ಲಿ ಕಳೆದನು. ಲಾಕುಲಶೈವವೂ ಶರಣರ ಹೊಸ ಮಾರ್ಗವೂ ಒಂದನ್ನೊಂದು ಸಂಧಿಸಿದ ಕಾಲವದು. ಆ ಸಂಧಿಯ ಸಾಕ್ಷ್ಯವು ಗ್ರಂಥಗಳಿಗಿಂತ ಹೆಚ್ಚು ಜೀವಂತವಾಗಿ ಈ ಕಲ್ಲುಗಳಲ್ಲಿದೆ. ಕನ್ನಡದ ವಿದುಷಿ ವಸುಂಧರಾ ಫಿಲಿಯೋಜಾ ಅವರು ಪತಿಯಾದ ಪಿಯೆರ್ ಸಿಲ್ವೇನ್ ಫಿಲಿಯೋಜಾ ಅವರೊಡನೆ ಈ ಒಂದೇ ಗುಡಿಯ ಮೇಲೆ ಒಂದು ಸ್ವತಂತ್ರ ಗ್ರಂಥವನ್ನೇ ಬರೆದಿದ್ದಾರೆ. ಫ್ರಾನ್ಸಿನ ಪಂಡಿತರು ಅರಿತ ಊರನ್ನು ರಾಣೇಬೆನ್ನೂರಿನ ಪೇಟೆಯಲ್ಲಿ ವಿಚಾರಿಸಿದರೆ ಎಷ್ಟು ಮಂದಿ ದಾರಿ ತೋರಿಸಿಯಾರು ಎಂಬುದು ಬೇರೆ ಮಾತು.

ಈ ದಂಡೆಯನ್ನು ಆಗ ಆಳುತ್ತಿದ್ದವರು ಗುತ್ತರು. ಈಗಿನ ಗುತ್ತಲವೇ ಅವರ ರಾಜಧಾನಿಯಾದ ಗುತ್ತವೊಳಲು. ಚಾಲುಕ್ಯರಿಗೆ, ಅವರ ತರುವಾಯ ಕಳಚುರಿಗಳಿಗೆ, ಸೇವುಣರಿಗೆ ಸಾಮಂತರಾಗಿ ನಡೆದ ಈ ಚಿಕ್ಕ ಮನೆತನದವರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನೀಪುರವರಾಧೀಶ್ವರರೆಂದೂ ಹೇಳಿಕೊಂಡರು. ವಿಕ್ರಮಾದಿತ್ಯನೆಂಬ ಹೆಸರನ್ನು ಮನೆತನದಲ್ಲಿ ಇಟ್ಟುಕೊಂಡರು. ಮಗಧವೆಲ್ಲಿ, ಗುತ್ತಲವೆಲ್ಲಿ! ವಂಶಾವಳಿಯು ನಿಜವೋ ಕಲ್ಪಿತವೋ ಎಂಬ ಚರ್ಚೆಯು ಪಂಡಿತರಿಗಿರಲಿ; ತುಂಗಭದ್ರೆಯ ದಂಡೆಯ ಒಂದು ಸಣ್ಣ ರಾಜ್ಯವು ತನ್ನನ್ನು ಸಮಗ್ರ ಭಾರತದ ಇತಿಹಾಸದೊಡನೆ ಜೋಡಿಸಿಕೊಳ್ಳಲು ಹವಣಿಸಿದ್ದು ಮಾತ್ರ ಸತ್ಯ. ಗುತ್ತಲದ ಸಮೀಪದ ಹರಳಹಳ್ಳಿಯಲ್ಲಿ ಅದೇ ಹೊಳೆಯ ಮೇಲೆ ಸೋಮೇಶ್ವರನ ತ್ರಿಕೂಟಾಲಯವಿದೆ. ಅದನ್ನೂ ನೋಡತಕ್ಕದ್ದು.

ಆಚೆಯ ದಂಡೆಯು ಇಂದು ಬೇರೆ ಜಿಲ್ಹೆಯಾದರೂ ಕುರುವತ್ತಿಯ ಹೆಸರನ್ನು ಎತ್ತದೆ ಈ ಹೊಳೆಯ ಕಥೆಯು ಪೂರ್ಣವಾಗದು. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಪ್ರಸಿದ್ಧರು. ಅದಕ್ಕಿಂತಲೂ ಮಿಗಿಲಾದುದು ೧೦೬೮ರಲ್ಲಿ ಅಲ್ಲಿ ನಡೆದ ಒಂದು ಘಟನೆ. ಚೋಳರೊಡನೆ ಜೀವಮಾನವೆಲ್ಲ ಹೋರಾಡಿದ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ಚಿಕಿತ್ಸೆಗೆ ಬಗ್ಗದ ದಾಹಜ್ವರದಿಂದ ಪೀಡಿತನಾಗಿ, ಬಂಧುಮಂತ್ರಿಗಳ ಸಮಕ್ಷಮದಲ್ಲಿ ತುಂಗಭದ್ರೆಗೆ ಇಳಿದು, ಶಿವಧ್ಯಾನಪರನಾಗಿ ದೇಹವನ್ನು ಬಿಟ್ಟನು. ಕಾಶ್ಮೀರದಿಂದ ಬಂದು ಆತನ ಮಗನಾದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾನೆ. ಆ ಕಾವ್ಯವೂ ಕಾಲಗರ್ಭದಲ್ಲಿ ಅಡಗಿದ್ದು, ೧೮೭೪ರಲ್ಲಿ ಬ್ಯೂಲರ್ ಪಂಡಿತನು ಜೈಸಲಮೇರದ ಜೈನಭಂಡಾರದಲ್ಲಿ ಅದರ ತಾಡವೋಲೆಯ ಪ್ರತಿಯನ್ನು ಕಂಡುಹಿಡಿದನು. ಕಾಶ್ಮೀರದ ಕವಿ, ಕನ್ನಡ ನಾಡಿನ ಅರಸ, ಮರುಭೂಮಿಯ ಭಂಡಾರ, ಜರ್ಮನಿಯ ವಿದ್ವಾಂಸ, ಈ ನಾಲ್ವರೂ ಈ ಹೊಳೆಯ ಒಂದು ಮಡುವಿನ ಬಳಿಯಲ್ಲಿ ಕೂಡುತ್ತಾರೆ!

ಇನ್ನು ಸಂಗಮಕ್ಕೆ ಬರಬಹುದು. ಗಳಗನಾಥದ ಗಳಗೇಶ್ವರ ದೇವಾಲಯವು ಹನ್ನೊಂದನೆಯ ಶತಕದ್ದು. ದೂರದಿಂದ ನೋಡಿದವರಿಗೆ ಇದರ ವಿಮಾನದ ಬುಡವು ವಿಚಿತ್ರವಾಗಿ ತೋರುವದು. ಉಳಿದ ಗುಡಿಗಳಂತೆ ಗೋಡೆಯು ನೆಟ್ಟಗೆ ನೆಲಕ್ಕಿಳಿಯದೆ, ಕಲ್ಲಿನ ಮೆಟ್ಟಿಲುಗಳು ಸುತ್ತಲೂ ಅಗಲವಾಗುತ್ತ ಇಳಿದು, ಗೋಪುರವೊಂದು ಮತ್ತೊಂದು ಗೋಪುರದ ಮೇಲೆ ಕುಳಿತಂತೆ ಕಾಣುತ್ತದೆ. ಎರಡು ಹೊಳೆಗಳು ಕೂಡುವ ಮೆತ್ತನೆಯ ನೆಲದಲ್ಲಿ ಭಾರವನ್ನು ಹರಡಿ ನಿಲ್ಲಿಸುವದಕ್ಕೆ ಮಾಡಿದ ಉಪಾಯವಿದೆಂದು ಊಹಿಸಲಡ್ಡಿಯಿಲ್ಲ. ಅದು ಹೇಗೇ ಇರಲಿ, ಸುಮಾರು ಒಂಬೈನೂರು ವರ್ಷಗಳ ಮಹಾಪೂರಗಳನ್ನು ಆ ಬುಡವು ತಡೆದುಕೊಂಡಿದೆ. ಮಳೆಗಾಲದ ಕಡೆಯಲ್ಲಿ ಇಲ್ಲಿ ನಿಂತರೆ ಎರಡು ನೀರುಗಳು ಕೂಡುವ ವಿಶಾಲವಾದ ನೋಟವು ಕಣ್ಣಿಗೆ ಬೀಳುತ್ತದೆ.

ಈ ಊರು ಕನ್ನಡ ವಾಚಕರಿಗೆ ಮತ್ತೊಂದು ಕಾರಣದಿಂದ ಪೂಜ್ಯವಾದುದು. ವೆಂಕಟೇಶ ತಿರಕೋ ಕುಲಕರ್ಣಿಯವರು ೧೮೬೯ರಲ್ಲಿ ಇಲ್ಲಿ ಹುಟ್ಟಿ, ಊರಿನ ಹೆಸರನ್ನೇ ತಮ್ಮ ಕಾವ್ಯನಾಮವನ್ನಾಗಿ ಮಾಡಿಕೊಂಡರು. ಶಾಲಾಮಾಸ್ತರಿಕೆಯಿಂದ ಸಂಸಾರವನ್ನು ಸಾಗಿಸಿದ ಈ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತ ಮಾಧವ ಕರುಣಾ ವಿಲಾಸದಂಥ ಸ್ವತಂತ್ರ ಕೃತಿಗಳನ್ನು ರಚಿಸಿದರು. ಹಾವೇರಿಗೆ ಹತ್ತಿರದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಯೆಂಬ ಮಾಸಪತ್ರಿಕೆಯನ್ನು ನಡೆಯಿಸಿದರು. ಮುಂಬಯಿ ಇಲಾಖೆಯಲ್ಲಿ ಕನ್ನಡಕ್ಕೆ ಮನ್ನಣೆಯಿಲ್ಲದ ಕಾಲವದು. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ಈ ಪುರುಷನು ಕನ್ನಡ ಮನೆಗಳಲ್ಲಿ ಓದುವ ಅಭ್ಯಾಸವನ್ನೇ ಹುಟ್ಟಿಸಿದನು. ೧೯೪೨ರಲ್ಲಿ ದಿವಂಗತರಾದರು. ೨೦೨೩ರ ಜನವರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನವು ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ಹಾವೇರಿಯಲ್ಲಿ ನೆರೆದಾಗ ಲಕ್ಷಾವಧಿ ಜನವು ಬಂದುಹೋಯಿತು. ಅವರಲ್ಲಿ ಸಂಗಮದವರೆಗೆ ಹೋದವರು ಧನ್ಯರು.

ಹಾವೇರಿಯು ಹೊಳೆಯ ದಂಡೆಯ ಊರಲ್ಲ, ಆದರೂ ಪ್ರಾಚೀನವಾದುದು. ಶಾಸನಗಳಲ್ಲಿ ಇದಕ್ಕೆ ನಳಪುರಿಯೆಂಬ ಹೆಸರೂ ಉಂಟು, ಮಹಾಜನರ ಅಗ್ರಹಾರವಾಗಿತ್ತು. ಊರಿನ ಅಂಚಿನಲ್ಲಿ ಪುರದ ಸಿದ್ಧೇಶ್ವರನ ದೇವಾಲಯವಿದೆ. ಬಳಪದ ಕಲ್ಲಿನ ಈ ಗುಡಿಯು ಎರಡು ವಿಷಯಗಳಲ್ಲಿ ಚಿಂತನಾರ್ಹವಾದುದು. ಸಾಮಾನ್ಯವಾಗಿ ಚಾಲುಕ್ಯ ದೇವಾಲಯಗಳು ಪೂರ್ವಾಭಿಮುಖವಾಗಿರುತ್ತವೆ, ಇದು ಪಶ್ಚಿಮಾಭಿಮುಖವಾಗಿದೆ. ಎರಡನೆಯದಾಗಿ, ಇಂದು ಶಿವಾಲಯವಾಗಿರುವ ಇದು ಮೊದಲು ಯಾವ ದೇವತೆಗೆ ಮೀಸಲಾಗಿತ್ತೆಂಬುದು ನಿರ್ಣಯವಾಗಿಲ್ಲ. ಶಿವ, ವಿಷ್ಣು, ಸೂರ್ಯ, ನಾಗ, ಗಣಪತಿ, ಕಾರ್ತಿಕೇಯ ಮುಂತಾದ ಮೂರ್ತಿಗಳು ಇಲ್ಲಿವೆ, ಕೆಲವು ಭಿನ್ನವಾಗಿವೆ. ಇದು ವೈಷ್ಣವವಾಗಿದ್ದು, ಜೈನರ ಕೈಸೇರಿ, ಕಡೆಗೆ ಶೈವವಾಯಿತೆಂದು ಕಸಿನ್ಸ್ ಸಾಹೇಬರು ತರ್ಕಿಸಿದರು. ಅದು ತರ್ಕವೇ ಸರಿ. ಒಂದೇ ಸೂರಿನ ಕೆಳಗೆ ಇಷ್ಟು ದೇವತೆಗಳಿಗೆ ಎಡೆಮಾಡಿದ ಶಿಲ್ಪಿಗಳನ್ನು ಒಂದೇ ಮತದ ಚೌಕಟ್ಟಿನಲ್ಲಿ ಕೂಡಿಸಲು ಹೊರಟಾಗ ಸಂಶೋಧಕರಿಗೆ ಇಂಥ ತೊಡಕು ಒದಗುವದು ಸಹಜ.

ಹೊರಗಿನ ಜಗತ್ತಿಗೆ ಈ ಗುಡಿಗಳು ಗೊತ್ತಾದ ಬಗೆಯನ್ನೂ ಇಲ್ಲಿ ಹೇಳುವದು ಯುಕ್ತ. ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಇಲಿಯಟ್ಟನು ಊರೂರಿನ ಶಾಸನಗಳನ್ನು ಪಂಡಿತರಿಂದ ಪ್ರತಿಮಾಡಿಸಿ ೫೯೫ ಶಾಸನಗಳ ಸಂಗ್ರಹವನ್ನು ಸಿದ್ಧಪಡಿಸಿದನು. ೧೮೫೭ರ ಸುಮಾರಿಗೆ ಪಿಗೌ ಎಂಬ ವೈದ್ಯನು ಛಾಯಾಯಂತ್ರವನ್ನು ಹೊತ್ತುಕೊಂಡು ಈ ಭಾಗದಲ್ಲಿ ಸಂಚರಿಸಿ ಗುಡಿಗಳ ಚಿತ್ರಗಳನ್ನು ತೆಗೆದನು. ಅವು ೧೮೬೬ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಫ್ಲೀಟ್ ಪಂಡಿತನು ೧೮೮೨ರಲ್ಲಿ ಕನ್ನಡ ಜಿಲ್ಹೆಗಳ ರಾಜವಂಶಗಳ ಇತಿಹಾಸವನ್ನು ಹೊಂದಿಸಿದನು. ಕಸಿನ್ಸನ ಚಾಲುಕ್ಯ ವಾಸ್ತುವಿನ ಬೃಹದ್ಗ್ರಂಥವು ೧೯೨೬ರಲ್ಲಿ ಹೊರಬಂದಿತು. ಪ್ರತಿಮಾಡಿಕೊಟ್ಟ ಕನ್ನಡ ಪಂಡಿತರ ಹೆಸರುಗಳಿಗೆ ಈ ಗ್ರಂಥಗಳ ಮುಖಪುಟದಲ್ಲಿ ಸ್ಥಳವು ಸಿಕ್ಕಲಿಲ್ಲ. ಹಳಗನ್ನಡದ ಅಕ್ಷರಗಳನ್ನು ಮೊದಲು ಕೂಡಿಸಿ ಓದಿದವರು ಮಾತ್ರ ಅವರೇ.

ಹಾಗಾದರೆ ಈ ನಾಡಿನ ಪ್ರಾಣವು ಹೊಳೆಯನ್ನು ಬಿಟ್ಟು ನಡುವಿನ ದಾರಿಗೆ ಬಂದುದು ಯಾವಾಗ? ಇದಕ್ಕೆ ಒಂದೇ ವರ್ಷವನ್ನು ಹೇಳಲಾಗದು; ಆದರೆ ೧೮೦೦ನ್ನು ಗುರುತಿಗೆ ಇಟ್ಟುಕೊಳ್ಳಬಹುದು. ಹಿಂದಿನ ವರ್ಷ ಶ್ರೀರಂಗಪಟ್ಟಣವು ಬಿದ್ದಾಗ ಸೆರೆಯಿಂದ ಬಿಡುಗಡೆ ಹೊಂದಿದ ಚನ್ನಗಿರಿಯ ಧೊಂಡಿಯಾ ವಾಘನು ದಂಡನ್ನು ಕೂಡಿಸಿ, ಉಭಯಲೋಕಾಧೀಶ್ವರನೆಂಬ ಬಿರುದನ್ನು ಧರಿಸಿ, ಈ ಸೀಮೆಯನ್ನೆಲ್ಲ ತನ್ನದೆಂದು ಸಾರಿದನು. ಅವನ ಬೆನ್ನು ಹತ್ತಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಹರಿಹರದಲ್ಲಿ ಹೊಳೆಯನ್ನು ದಾಟಿ, ಜೂನ ೨೭ರಂದು ರಾಣೇಬೆನ್ನೂರಿನ ಕೋಟೆಯನ್ನು ಲಗ್ಗೆಹತ್ತಿ ಹಿಡಿದನು. ಅಲ್ಲಿಂದ ಹಾವೇರಿಯ ಕಡೆಗೆ ಬಂದರೆ ವರದೆಯು ತುಂಬಿ ಹರಿಯುತ್ತಿದ್ದಳು. ದೇವಗಿರಿಯ ಬಳಿಯಲ್ಲಿ ಬೀಡುಬಿಟ್ಟು ದೋಣಿಗಳನ್ನು ಕಟ್ಟಿಸುವವರೆಗೆ ಆ ಸೇನಾಪತಿಯು ಕಾಯಬೇಕಾಯಿತು. ಮುಂದೆ ೧೮೧೫ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಆ ದೇವಗಿರಿಯಲ್ಲಿ ಈಗ ಜಿಲ್ಹಾಡಳಿತದ ಕಚೇರಿಗಳಿವೆ. ಧೊಂಡಿಯಾನು ಅದೇ ವರ್ಷದ ಸೆಪ್ಟೆಂಬರದಲ್ಲಿ ರಾಯಚೂರ ಸೀಮೆಯ ಕೋಣಗಲ್ಲಿನಲ್ಲಿ ಮಡಿದನು. ೧೮೧೮ರಲ್ಲಿ ಪೇಶವೆಯರ ರಾಜ್ಯವು ಮುಗಿದ ತರುವಾಯ ಇಲ್ಲಿ ಕಂಪನಿಯ ಆಳಿಕೆಯು ನೆಲೆಗೊಂಡಿತು. ತುಂಗಭದ್ರೆಯು ಮುಂಬಯಿ ಇಲಾಖೆಗೂ ಮೈಸೂರು ಸಂಸ್ಥಾನಕ್ಕೂ ಗಡಿಯಾಯಿತು. ಎರಡು ದಂಡೆಗಳನ್ನು ಕೂಡಿಸುತ್ತಿದ್ದ ಹೊಳೆಯು ಎರಡನ್ನು ಅಗಲಿಸುವ ಗೆರೆಯಾದದ್ದು ೧೯೫೬ರ ಏಕೀಕರಣದವರೆಗೆ ಹಾಗೆಯೇ ಉಳಿಯಿತು. ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಹೆಯು ರೂಪುಗೊಂಡಿತು.

ಗಡಿಯು ಅರ್ಧ ಕೆಲಸ ಮಾಡಿದರೆ ರೇಲ್ವೆಯು ಉಳಿದರ್ಧವನ್ನು ಮಾಡಿತು. ೧೮೭೬–೭೮ರ ಘೋರ ಕ್ಷಾಮದಲ್ಲಿ ಧಾನ್ಯವನ್ನು ಸಾಗಿಸುವ ಸಾಧನವಿಲ್ಲದೆ ಜನರು ಸತ್ತುದರಿಂದ ಎಚ್ಚತ್ತ ಸರಕಾರವು ಸದರ್ನ್ ಮರಾಠಾ ರೇಲ್ವೆ ಕಂಪನಿಗೆ ಅನುವು ಮಾಡಿಕೊಟ್ಟಿತು. ಆ ಕಂಪನಿಯು ಸ್ಥಾಪನೆಯಾದ ೧೮೮೨ನೆಯ ಇಸವಿಯಲ್ಲಿಯೇ ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಗೋತಾರ್ಡ್ ಸುರಂಗವು ತೆರೆಯಲ್ಪಟ್ಟಿತು. ಅಲ್ಲಿಯೂ ಹಿಂದೆ ಕಣಿವೆ ಕಣಿವೆಗಳ ಕಾಲುದಾರಿಗಳಿದ್ದವು. ಘಟ್ಟದ ಮೇಲೆ ಪಥಿಕರಿಗೆ ಆಶ್ರಯವೀಯುವ ಮಠಗಳಿದ್ದವು. ಆದರೆ ಸ್ವಿಸ್ ಜನರು ಮುಖ್ಯಮಾರ್ಗವನ್ನು ಮಾಡಿ ಸುಮ್ಮನಾಗಲಿಲ್ಲ. ೧೮೭೧ರಲ್ಲಿಯೇ ರಿಗಿಯೆಂಬ ಗುಡ್ಡದ ಮೇಲಕ್ಕೆ ಹಲ್ಲುಗಂಬಿಯ ರೇಲ್ವೆಯನ್ನು ಹಾಕಿ, ಸೂರ್ಯೋದಯವನ್ನು ನೋಡಬಯಸುವವನನ್ನು ಶಿಖರಕ್ಕೇ ಮುಟ್ಟಿಸಿದರು. ಬಡ ದನಗಾಹಿಗಳ ಆ ಕಣಿವೆಗಳು ಪ್ರವಾಸಿಕರಿಂದ ಬದುಕತೊಡಗಿದವು. ಇಲ್ಲಿ ರೇಲ್ವೆಯು ಹತ್ತಿಗಾಗಿ, ಕಾಳಿಗಾಗಿ ಬಂತು. ಅದು ಅವಶ್ಯವೇ ಆಗಿತ್ತು. ಹೊಳೆಯ ದಂಡೆಗೆ ಒಂದು ಕವಲು ಮಾತ್ರ ಹೊರಡಲಿಲ್ಲ.

ನಡುದಾರಿಯು ಬೆಳೆಯಿಸಿದ ಊರುಗಳನ್ನು ಹೀಗಳೆಯಲು ಕಾರಣವಿಲ್ಲ. ಅವುಗಳಿಗೂ ನೋಡತಕ್ಕ ಮುಖವಿದೆ. ಹಾವೇರಿಯ ಏಲಕ್ಕಿಯ ಮಾಲೆಯನ್ನು ಯಾರು ಕಂಡಿಲ್ಲ? ಈ ಊರಿನಲ್ಲಿ ಏಲಕ್ಕಿಯು ಬೆಳೆಯುವದಿಲ್ಲ. ಮಲೆನಾಡಿನಿಂದ ಇಳಿದುಬಂದ ಏಲಕ್ಕಿಯನ್ನು ಇಲ್ಲಿಯ ಭಾವಿಯ ನೀರಿನಲ್ಲಿ ತೊಳೆದು ಹಸನುಮಾಡಿ ಹೊರಗೆ ಕಳಿಸುವ ವ್ಯಾಪಾರವು ಒಂದು ಕಾಲಕ್ಕೆ ಇಲ್ಲಿತ್ತು. ಅದರ ನೆನಪಾಗಿ ಪೋಣಿಸುವ ಕುಶಲತೆಯು ಕೆಲವು ಮನೆಗಳಲ್ಲಿ ನಿಂತಿದೆ. ಬ್ಯಾಡಗಿಯ ಮೆಣಸಿನಕಾಯಿಯ ಸಂಗತಿಯೂ ಹಾಗೆಯೇ. ಡಬ್ಬಿ, ಕಡ್ಡಿ ಎಂದು ಎರಡು ಬಗೆ, ಸುಕ್ಕುಗಟ್ಟಿದ ಮೈ, ಖಾರ ಕಡಿಮೆ, ಬಣ್ಣ ಹೆಚ್ಚು. ಈ ಬಣ್ಣವನ್ನು ಸತ್ತ್ವರೂಪವಾಗಿ ತೆಗೆದು ಆಹಾರಪದಾರ್ಥಗಳಿಗೂ ತುಟಿಯ ರಂಗಿಗೂ ಬಳಸುವದರಿಂದ ಪರದೇಶಗಳಲ್ಲಿಯೂ ಇದಕ್ಕೆ ಗಿರಾಕಿಯುಂಟು. ೨೦೧೧ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಲಿಕ ಗುರುತಿನ ಮನ್ನಣೆಯು ದೊರೆಯಿತು. ಸುಗ್ಗಿಯ ಕಾಲದಲ್ಲಿ ಪೇಟೆಯ ಆವಾರವನ್ನು ನೋಡಿದವರು ಆ ಕೆಂಪನ್ನು ಮರೆಯಲಾರರು. ಸೀನನ್ನಂತೂ ಮೊದಲೇ ಮರೆಯಲಾರರು! ಆದರೆ ಇಂದು ಇಲ್ಲಿಗೆ ಬಂದು ಬೀಳುವ ಚೀಲಗಳಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರಗಳ ಕಡೆಯವು. ೨೦೨೪ರ ಮಾರ್ಚ ೧೧ರಂದು ಧಾರಣೆಯು ಒಮ್ಮೆಲೇ ಕುಸಿದುದನ್ನು ಕಂಡು ಸಿಟ್ಟಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಖಾರವಿಲ್ಲದ ಕಾಯಿಯೆಂದು ಹೊಗಳುವ ನಗರವಾಸಿಗಳು ಬೆಳೆದವನ ಕಣ್ಣಿನ ಉರಿಯನ್ನೂ ಸ್ವಲ್ಪ ನೆನೆಯಬೇಕು.

ಬ್ಯಾಡಗಿ ತಾಲೂಕಿನಲ್ಲಿಯೇ ಕಾಗಿನೆಲೆಯಿದೆ. ಬಾಡದಲ್ಲಿ ಹುಟ್ಟಿ, ಬಂಕಾಪುರ ಸೀಮೆಯಲ್ಲಿ ಅಧಿಕಾರ ನಡೆಯಿಸಿ, ಅದನ್ನು ಬಿಟ್ಟು ಹರಿದಾಸನಾದ ಕನಕನು ತನ್ನ ಪದಗಳಿಗೆ ಅಂಕಿತವಾಗಿ ಇಟ್ಟುಕೊಂಡದ್ದು ಈ ಊರಿನ ಆದಿಕೇಶವನನ್ನು. ಕಾಗಿನೆಲೆಯು ಮಲೆನಾಡಿನ ಸೆರಗಿನಲ್ಲಿದೆ. ಇದರ ಪಶ್ಚಿಮಕ್ಕೆ ಭತ್ತದ ನಾಡು, ಪೂರ್ವಕ್ಕೆ ಬೆದ್ದಲ ನಾಡು. ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಶ್ರೀರಾಮನ ಸಭೆಯಲ್ಲಿ ರಾಗಿಯನ್ನು ಗೆಲ್ಲಿಸಿದ ರಾಮಧಾನ್ಯ ಚರಿತೆಯನ್ನು ಬರೆದ ಕವಿಯು ಇಂಥ ಎರಡು ಬೆಳೆಗಳ ಎಲ್ಲೆಯಲ್ಲಿ ಓಡಾಡಿದವನೆಂಬುದನ್ನು ಸಾಹಿತ್ಯವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. ಕುಲದ ಮಾತನ್ನು ಧಾನ್ಯದ ಬಾಯಿಂದ ಹೇಳಿಸುವ ಆ ಯುಕ್ತಿಯು ಗ್ರಂಥದಿಂದ ಬಂದುದಲ್ಲ, ಗದ್ದೆ ಹೊಲಗಳಿಂದ ಬಂದಿರಬೇಕು. ಕಾಗಿನೆಲೆಗೆ ಈಗ ಅಭಿವೃದ್ಧಿ ಪ್ರಾಧಿಕಾರವುಂಟು. ತೋಟಗಳೂ ಕಟ್ಟಡಗಳೂ ಎದ್ದಿವೆ. ಯಾತ್ರಿಕರು ಬರುತ್ತಾರೆ. ಇಡಿಯ ನಡುನಾಡಿನಲ್ಲಿ ಪ್ರವಾಸಿಕರಿಗಾಗಿ ಸಜ್ಜುಗೊಂಡ ಸ್ಥಳವೆಂದರೆ ಬಹುಶಃ ಇದೊಂದೇ.

ರಾಣೇಬೆನ್ನೂರಿನ ಹತ್ತಿರ ಕೃಷ್ಣಮೃಗಗಳ ಅಭಯಾರಣ್ಯವಿದೆ. ಸುಮಾರು ೧೧೯ ಚದರ ಕಿಲೋಮೀಟರಿನ ಈ ಕುರುಚಲು ಕಾಡು ೧೯೭೪ರಲ್ಲಿ ರಕ್ಷಿತವಾಯಿತು. ಕೃಷ್ಣಸಾರವು ಸ್ವಭಾವದಿಂದ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವಾದ ದೇಶವೆಂದು ಮನುವು ಹೇಳಿದನು. ಇಲ್ಲಿಯ ರೈತನು ಆ ಮಾತನ್ನು ಕೇಳಿದರೆ ನಕ್ಕಾನು. ಹಿಂಡು ಹಿಂಡಾಗಿ ಬಂದು ಎಳೆಯ ಬೆಳೆಯನ್ನು ಮೇಯುವ ಮೃಗವು ಆತನಿಗೆ ಯಜ್ಞವಲ್ಲ, ದಂಡ. ಮೃಗಕ್ಕೆ ರಕ್ಷಣೆಯೂ ರೈತನಿಗೆ ಪರಿಹಾರವೂ ಕೂಡಿ ನಡೆಯತಕ್ಕವು. ಒಂದನ್ನು ಬಿಟ್ಟು ಒಂದು ಬಾಳಲಾರದು. ಎರೆಭೂತವೆಂದು ಹಳ್ಳಿಗರು ಕರೆಯುತ್ತಿದ್ದ ಭಾರಿಯ ನೆಲಹಕ್ಕಿಯು ಒಂದು ಕಾಲಕ್ಕೆ ಈ ಬಯಲಿನ ಕೀರ್ತಿಯಾಗಿತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ಗಿಡಗಳನ್ನು ಒತ್ತಾಗಿ ನೆಟ್ಟಮೇಲೆ ತೆರಪಿನಲ್ಲಿ ಬಾಳುವ ಆ ಹಕ್ಕಿಗೆ ಎಡೆಯುಳಿಯಲಿಲ್ಲ. ಈಗ ಅದು ಇಲ್ಲಿ ಕಾಣದು. ಅದೇ ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕ್ಷೇತ್ರವಿದೆ. ಮಹಾನವಮಿಯ ಸಮಯದಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಅಪಾರ ಜನವು ಸೇರುತ್ತದೆ. ಒಂದೇ ಸಾಲಿನ ಆ ನುಡಿಗೆ ಮಳೆಬೆಳೆಯವರು ಒಂದರ್ಥವನ್ನೂ ರಾಜಕಾರಣಿಗಳು ಮತ್ತೊಂದರ್ಥವನ್ನೂ ಹಚ್ಚುತ್ತಾರೆ. ಭಾಷ್ಯಕಾರರಿಗೆ ಈ ನಾಡಿನಲ್ಲಿ ಎಂದೂ ಕೊರತೆಯಿಲ್ಲ.

ಹೊಳೆಯ ದಂಡೆಯು ಅರ್ವಾಚೀನ ಕಾಲದಲ್ಲಿ ಪೂರ್ಣ ಮೌನವಾಗಿತ್ತೆಂದು ತಿಳಿಯಲಾಗದು. ಮೋಟೆಬೆನ್ನೂರಿನ ಮೈಲಾರ ಮಹಾದೇವನು ೧೯೩೦ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದ ತಂಡದಲ್ಲಿದ್ದ ಏಕೈಕ ಕನ್ನಡಿಗನು. ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ೧೯೪೩ರ ಏಪ್ರಿಲ ೧ರಂದು, ವರದೆಯ ಸಮೀಪದ ಹೊಸರಿತ್ತಿಯಲ್ಲಿ ಸರಕಾರವು ಸಂಗ್ರಹಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ಆತನೂ ಜೊತೆಯ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೂ ಪೋಲೀಸರ ಗುಂಡಿಗೆ ಬಲಿಯಾದರು. ಹೊಸರಿತ್ತಿಯಲ್ಲಿ ಗುದ್ಲೆಪ್ಪ ಹಳ್ಳಿಕೇರಿಯವರು ಕಟ್ಟಿದ ಗಾಂಧಿ ಗ್ರಾಮೀಣ ಗುರುಕುಲವು ಇಂದಿಗೂ ಇದೆ. ಹಾವೇರಿಯ ರೇಲ್ವೆ ನಿಲ್ದಾಣಕ್ಕೆ ಈಗ ಮಹಾದೇವನ ಹೆಸರನ್ನಿಟ್ಟಿದ್ದಾರೆ. ಅಲ್ಲಿ ಗಾಡಿಯಿಂದ ಇಳಿಯುವವರು ಫಲಕವನ್ನು ಓದುತ್ತಾರೆ. ಹೊಸರಿತ್ತಿಯು ಯಾವ ದಿಕ್ಕಿಗಿದೆಯೆಂದು ಕೇಳುವವರು ವಿರಳ.

ಕೇಂದ್ರದ ಪುರಾತತ್ವ ಇಲಾಖೆಯು ದೊಡ್ಡ ಗುಡಿಗಳನ್ನು ರಕ್ಷಿಸಿದೆ, ಬೇಲಿಯುಂಟು, ಫಲಕವುಂಟು. ಆದರೆ ಬೇಲಿಯ ಹೊರಗಿರುವ ವಸ್ತುಗಳ ಗತಿಯೇನು? ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವದು, ಶಾಸನದ ಕಲ್ಲನ್ನು ಕಟ್ಟೆಗೆ ಹಾಸುವದು, ಭಕ್ತಿಯ ಭರದಲ್ಲಿ ಬಳಪದ ಕಲ್ಲಿನ ಮೂರ್ತಿಗೆ ಎಣ್ಣೆಬಣ್ಣವನ್ನು ಬಳಿಯುವದು, ಇವು ಹಳ್ಳಿಗಳಲ್ಲಿ ಅಪರೂಪವಲ್ಲ. ಹೊಳೆಯ ಪಾತ್ರದಿಂದ ಮರಳನ್ನು ಬಗೆದು ಒಯ್ಯುವದು ಇದಕ್ಕಿಂತ ಘೋರವಾದುದು. ಮರಳು ಹೋದಂತೆ ದಂಡೆಯು ಕುಸಿಯುತ್ತದೆ, ದಂಡೆಯು ಕುಸಿದರೆ ಮೇಲಿದ್ದುದೂ ಉಳಿಯದು. ಹಳ್ಳಿಗರನ್ನು ದೂರುವದು ಸುಲಭ. ಆದರೆ ಆ ಕಲ್ಲಿನಲ್ಲಿ ಏನು ಬರೆದಿದೆಯೆಂದು ಅವರಿಗೆ ಯಾರೂ ಓದಿ ಹೇಳಲಿಲ್ಲ. ತನ್ನ ಊರಿನ ಹೆಸರು ಎಂಟುನೂರು ವರ್ಷದ ಹಿಂದಿನ ಕಲ್ಲಿನಲ್ಲಿದೆಯೆಂದು ಕೇಳಿದವನು ಅದರ ಮೇಲೆ ಬಟ್ಟೆಯನ್ನು ಒಗೆಯಲಾರನು. ಪ್ರತಿಯೊಂದು ಶಾಲೆಯ ಮಕ್ಕಳಿಗೂ ಅವರವರ ಊರಿನ ಶಾಸನದ ಪಾಠವನ್ನು ಸರಳಗನ್ನಡದಲ್ಲಿ ಬರೆಯಿಸಿ ಗೋಡೆಗೆ ತೂಗಹಾಕಲು ಹೆಚ್ಚಿನ ದ್ರವ್ಯವು ಬೇಡ. ಜಿಲ್ಹೆಯಲ್ಲಿ ಹಳಗನ್ನಡ ಬಲ್ಲ ಅಧ್ಯಾಪಕರು ಇನ್ನೂ ಇದ್ದಾರೆ.

ನೋಡಬಯಸುವ ಕುಟುಂಬಗಳು ಮಳೆಗಾಲವು ಮುಗಿದ ಮೇಲೆ, ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳಲ್ಲಿ ಹೊರಡತಕ್ಕದ್ದು. ರಾಣೇಬೆನ್ನೂರಿನಲ್ಲಿ ರಾತ್ರಿ ತಂಗಿ, ಬೆಳಗಿನ ಜಾವದಲ್ಲಿ ಕೃಷ್ಣಮೃಗಗಳನ್ನು ನೋಡಿ, ಬಿಸಿಲು ಏರುವ ಮೊದಲು ಚೌಡಯ್ಯದಾನಪುರವನ್ನು ಸೇರಬೇಕು. ಅಲ್ಲಿಂದ ಹರಳಹಳ್ಳಿ, ಗುತ್ತಲ, ಗಳಗನಾಥ ಇವು ಒಂದೇ ಹಗಲಿಗೆ ಆಗುವವು. ರೊಟ್ಟಿಯ ಬುತ್ತಿಯನ್ನು ಕಟ್ಟಿಕೊಂಡು ಹೋಗುವದು ಮೇಲು, ಯಾಕೆಂದರೆ ದಂಡೆಯ ಹಳ್ಳಿಗಳಲ್ಲಿ ಖಾನಾವಳಿಗಳು ಸಿಕ್ಕಲಾರವು. ಸಂಗಮದಲ್ಲಿ ಆಳವರಿಯದೆ ನೀರಿಗಿಳಿಯಬಾರದು. ಕಾಗಿನೆಲೆ ಬ್ಯಾಡಗಿಗಳನ್ನು ಮರುದಿನದ ಬೆಳಗಿಗೆ ಇಟ್ಟುಕೊಂಡು, ಹಾವೇರಿಯ ಸಿದ್ಧೇಶ್ವರನನ್ನು ಕಡೆಗೆ, ಸಂಜೆ ಐದು ಗಂಟೆಯ ಸುಮಾರಿಗೆ ನೋಡಬೇಕು. ಗುಡಿಯು ಪಶ್ಚಿಮಾಭಿಮುಖವಾದ್ದರಿಂದ ಇಳಿಬಿಸಿಲು ಆಗ ಮಂಟಪದೊಳಕ್ಕೆ ಬೀಳುತ್ತದೆ, ಕಂಬಗಳ ಕೆತ್ತನೆಯು ದೀಪವಿಲ್ಲದೆಯೇ ಕಾಣುತ್ತದೆ.